ಬೇರೆಯವರ ಊರಿನ ಬೆಟ್ಟ

ಶುಕ್ರವಾರ ಸಂಜೆ ನಾಲ್ಕರ ಮೇಲೆ ನಮ್ಮ ಟೀಮಿನಲ್ಲಿ ಯಾರೂ ಹೊಸ ಕೋಡ್ ಲೈವ್ ಮಾಡಲ್ಲ. ಮಾಡಿದರೆ ಶನಿವಾರ ಹಾಳು. ಹಾಗಾಗಿ ಆ ಹೊತ್ತಲ್ಲಿ ಕಾಫಿ ಮಷೀನಿನ ಸುತ್ತ ಸ್ವಲ್ಪ ಜಾಸ್ತಿ ಜನ. ಕಳೆದ ತಿಂಗಳು ಅಲ್ಲಿಗೆ ಟೀಮಿನ ಹೊಸ ಹುಡುಗ ಬಂದು, "ಸರ್, ನೀವು ಬೆಟ್ಟ ಗಿಟ್ಟ ಹತ್ತೋರಲ್ವಾ, ಬೆಳಿಗ್ಗೆ ಹೋಗಿ ಸಂಜೆ ಬರೋ ಥರದ್ದು ಒಂದು ಹೇಳಿ. ಭಾನುವಾರಕ್ಕೆ. ಇಬ್ರೇ ಹೋಗೋದು" ಅಂದ. "ಇಬ್ರೇ" ಅನ್ನುವಾಗ ಮಾತ್ರ ಅವನ ಕಣ್ಣು ಕಾಫಿ ಲೋಟದ ಒಳಗಿತ್ತು.

ಅವನ ಫೋನಿನಲ್ಲಿ ಆಗಲೇ ಒಂದು ಪಟ್ಟಿ ತೆರೆದಿತ್ತು. ಬೆಂಗಳೂರಿನ ಸುತ್ತಮುತ್ತ ಜೋಡಿಗಳಿಗೆ ಹತ್ತು ಚಾರಣಗಳು. ಇಂಥ ಪಟ್ಟಿಗಳನ್ನು ನೀವೂ ನೋಡಿರ್ತೀರಿ. ನಾನು ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟನೇ ಸಲ ಸಿಗ್ತಿರೋದು?" "ಎರಡನೇ ಸಲ ಸರ್." "ನಾಳೆ ಮೆಸೇಜ್ ಮಾಡ್ತೀನಿ ಇರು" ಅಂತ ಹೇಳಿ ಜಾರಿಕೊಂಡೆ. ಅವತ್ತು ರಾತ್ರಿ ಊಟ ಮುಗಿಸಿ ಕೂತು ಅಂಥವೇ ಇಪ್ಪತ್ತು ಪಟ್ಟಿ ಓದಿದೆ. ಓದ್ತಾ ಓದ್ತಾ ಸಿಟ್ಟು ಬಂತು. ಆ ಸಿಟ್ಟಿನ ಅರ್ಧ ನನ್ನ ಮೇಲೇ ಇದ್ದದ್ದು ಯಾಕೆ ಅಂತ ಕೊನೆಗೆ ಹೇಳ್ತೀನಿ.

ಸಿನಿಮಾ ಬಂದರೆ ವಿಮರ್ಶೆ ಬರೀತೀವಿ. ಹೋಟೆಲು ತೆರೆದರೆ ದೋಸೆಗೆ ನಕ್ಷತ್ರ ಕೊಡ್ತೀವಿ. ಬೆಟ್ಟ ಹತ್ತೋ ಡೇಟು ಈಗ ನಮ್ಮ ವಯಸ್ಸಿನವರ ಭಾನುವಾರದ ದೊಡ್ಡ ಕಾರ್ಯಕ್ರಮ. ಅದಕ್ಕೆ ಮಾತ್ರ ವಿಮರ್ಶೆ ಇಲ್ಲ, ಬರೀ ಜಾಹೀರಾತು. ಪಟ್ಟಿಗಳಲ್ಲಿ ಇರೋದು ದೂರ, ಎತ್ತರ, ಹತ್ತೋಕೆ ಬೇಕಾದ ಗಂಟೆ, ಸೂರ್ಯೋದಯ. ಹತ್ತೂ ಬೆಟ್ಟಕ್ಕೆ ಒಂದೇ ವಿಶೇಷಣ: ರೊಮ್ಯಾಂಟಿಕ್. ಫೋಟೋನೂ ಒಂದೇ ಥರ: ಬಂಡೆ, ಬಂಡೆಯ ಮೇಲೆ ಬೆನ್ನು ತೋರಿಸಿ ಕೂತ ಇಬ್ಬರು, ಮುಂದೆ ಮೋಡ. ಶೌಚಾಲಯ ಎಲ್ಲಿದೆ, ಫೋನಿಗೆ ಸಿಗ್ನಲ್ ಎಲ್ಲಿವರೆಗೆ ಸಿಗುತ್ತೆ, ಬುಡದಲ್ಲಿ ಯಾವ ಊರಿದೆ, ಆ ಊರವರು ನಿಮ್ಮನ್ನ ಹೇಗೆ ನೋಡ್ತಾರೆ, ಇದ್ಯಾವುದೂ ಇಲ್ಲ. ನನಗನ್ನಿಸೋ ಹಾಗೆ ಬರೆದವರಲ್ಲಿ ಹೆಚ್ಚಿನವರು ಗಂಡಸರು. ಅರ್ಧದಷ್ಟು ಜನ ಆ ಬೆಟ್ಟ ಹತ್ತೇ ಇಲ್ಲ.

ಹತ್ತಿದ್ದರೆ ಗೊತ್ತಾಗ್ತಿತ್ತು, ಒಂದೊಂದು ಬೆಟ್ಟ ಇಬ್ಬರನ್ನ ಒಂದೊಂದು ಥರ ನಡೆಸಿಕೊಳ್ಳುತ್ತೆ.

ಎಲ್ಲ ಪಟ್ಟಿಯಲ್ಲೂ ಮೊದಲು ನಂದಿ. 1478 ಮೀಟರ್ ಎತ್ತರ ನಿಜ, ಆದರೆ ಅಷ್ಟನ್ನೂ ಹತ್ತೋದು ನಿಮ್ಮ ಗಾಡಿ. ವಾರಾಂತ್ಯದಲ್ಲಿ ಸೂರ್ಯೋದಯಕ್ಕೆ ಅಂತ ಹೊರಟವರಲ್ಲಿ ಎಷ್ಟೋ ಜನ ಬೆಟ್ಟದ ದಾರಿಯ ವಾಹನಗಳ ಸಾಲಿನಲ್ಲೇ ಸೂರ್ಯನನ್ನು ನೋಡ್ತಾರೆ. ಸುಲ್ತಾನಪೇಟೆ ಕಡೆಯಿಂದ ಮೇಲಕ್ಕೆ ಮೆಟ್ಟಿಲು ದಾರಿ ಇದೆ, ಚಾರಣ ಅಂದರೆ ಅದು. ನಾನು ಓದಿದ ಪಟ್ಟಿಗಳಲ್ಲಿ ಅದರ ಸುದ್ದಿಯೇ ಇರಲಿಲ್ಲ. ಇನ್ನೊಂದು ತಮಾಷೆ ನೋಡಿ. ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಒಂಬತ್ತನೇ ಶತಮಾನದಷ್ಟು ಹಳೆಯ ಭೋಗನಂದೀಶ್ವರ ಇದ್ದಾನೆ, ತುದಿಯಲ್ಲಿ ಯೋಗನಂದೀಶ್ವರ ಇದ್ದಾನೆ. ಕೆಳಗಿರೋದು ಯೌವನ, ಮದುವೆಯ ದೇವರು, ಮೇಲಿರೋದು ಎಲ್ಲ ಬಿಟ್ಟ ದೇವರು. ನಮ್ಮ ಜೋಡಿಗಳು ಕೆಳಗಿನವನ ಕಡೆ ತಿರುಗಿಯೂ ನೋಡದೆ ಸೀದಾ ವೈರಾಗ್ಯದ ತುದಿಗೆ ಹೋಗಿ ಸೆಲ್ಫಿ ತೆಗೀತಾರೆ.

ಸ್ಕಂದಗಿರಿಗೆ ಈಗ ಮೊದಲೇ ಆನ್‌ಲೈನ್ ಟಿಕೆಟ್ ಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ ನುಗ್ಗಿದ ಮೇಲೆ ರಾಜ್ಯದಲ್ಲಿ ಚಾರಣಗಳಿಗೆ ಈ ಬಿಗಿ ಬಂತು. ನನ್ನ ಪ್ರಕಾರ ಒಳ್ಳೇದೇ ಆಯ್ತು. ಆದರೆ ಅದು "ಇಬ್ರೇ" ಹೋಗೋ ಬೆಟ್ಟ ಅಂತ ಬರೆಯೋದು ಸುಳ್ಳು. ಗುಂಪಿನ ಜೊತೆ ಹತ್ತಿ, ಗುಂಪಿನ ಜೊತೆ ಇಳೀತೀರಿ.

ಮಾಕಳಿದುರ್ಗದ ಬಗ್ಗೆ ಬರೆಯುವಾಗ ಬಹಳ ಪಟ್ಟಿಗಳು ರೈಲು ಹಳಿಯ ಮೇಲೆ ಕೈ ಕೈ ಹಿಡಿದು ನಡೆಯೋದನ್ನ ಹೊಗಳ್ತವೆ. ಅದು ಸಿನಿಮಾದ ಸೆಟ್ ಅಲ್ಲ, ರೈಲು ಓಡಾಡೋ ಹಳಿ. ಅದರ ಮೇಲೆ ನಡೆಯೋದು ರೈಲ್ವೆ ಕಾಯ್ದೆಯ ಪ್ರಕಾರ ಅತಿಕ್ರಮ ಪ್ರವೇಶ. ಅಪಾಯ ಅಂತೂ ಹೇಳೋದೇ ಬೇಡ.

ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬೀಳೋ ದೇವಸ್ಥಾನದವರೆಗೆ ಜನ ಇರ್ತಾರೆ, ಕೋತಿ ಇರ್ತವೆ. ಅಲ್ಲಿಂದ ಮೇಲಿನ ಗುಹೆಗಳಲ್ಲಿ ಮೈ ಹಿಂಡಿಕೊಂಡು ತೂರಬೇಕು. ಒಬ್ಬರಿಗೆ ಇಕ್ಕಟ್ಟಾದ ಜಾಗದ ಭಯ ಇದ್ದರೆ ಮುಗೀತು. ಅದನ್ನ ಎರಡನೇ ಭೇಟಿಯಲ್ಲಿ ಬಾಯಿ ಬಿಟ್ಟು ಹೇಳೋರು ಎಷ್ಟು ಜನ? ಸುಮ್ಮನೆ ಹಲ್ಲು ಕಚ್ಚಿ ತೂರ್ತಾರೆ.

ರಾಮದೇವರ ಬೆಟ್ಟ ಶೋಲೆಯ ಬೆಟ್ಟ ಅಂತ ಎಲ್ಲರಿಗೂ ಗೊತ್ತು. 1975ರ ಆ ಸಿನಿಮಾದ ಹೆಸರು ಹೇಳದ ಪಟ್ಟಿ ಇಲ್ಲ. ಅದೇ ಬೆಟ್ಟವನ್ನ 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಣೆ ಮಾಡಿದ್ದನ್ನ ಹೇಳೋ ಪಟ್ಟಿ ಕಮ್ಮಿ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟೋದು ಬಂಡೆಯ ಕಡಿದಾದ ಅಂಚುಗಳಲ್ಲಿ, ಮೊಟ್ಟೆ ಇಟ್ಟು ಮರಿ ಮಾಡೋದು ಚಳಿಗಾಲದಲ್ಲಿ. ನಾವು ಬ್ಲೂಟೂತ್ ಸ್ಪೀಕರ್ ಹಿಡ್ಕೊಂಡು ಬೆಟ್ಟಕ್ಕೆ ಹೊರಡೋದೂ ಅದೇ ಚಳಿಗಾಲದಲ್ಲಿ.

ಇನ್ನು ಸಾವನದುರ್ಗ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಾನು ಮೂರ್ಖನಾದದ್ದು ಇಲ್ಲಿ.

ಮಾಗಡಿ ಹತ್ತಿರದ ಈ ಬೆಟ್ಟ 1226 ಮೀಟರ್. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಆ ಹೆಸರಿನಲ್ಲೇ ಕರೆಯೋ ಗ್ರಾನೈಟಿನ ಸಾಲಿಗೆ ಸೇರಿದ ಬಂಡೆ ಇದು, ವಯಸ್ಸು ಹತ್ತಿರ ಹತ್ತಿರ 250 ಕೋಟಿ ವರ್ಷ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕೈಯಿಂದ ಈ ದುರ್ಗ ಕಿತ್ಕೊಂಡಿತು. ಈಗ ದಾರಿ ತೋರಿಸೋದು ಬಂಡೆಗೆ ಬಳಿದ ಬಾಣದ ಗುರುತು. ಬೋಳು ಬಂಡೆ, ನೆರಳು ಕಮ್ಮಿ. ಹತ್ತು ಗಂಟೆ ದಾಟಿದರೆ ಕಲ್ಲು ಕಾಯುತ್ತೆ, ಮಳೆ ಬಿದ್ದರೆ ಜಾರುತ್ತೆ. ಹತ್ತೋದಕ್ಕಿಂತ ಇಳಿಯೋದು ಕಷ್ಟ.

ನಾನು ಅವಳನ್ನ ಇಲ್ಲಿಗೆ ಕರ್ಕೊಂಡು ಹೋದದ್ದು ನಾಲ್ಕನೇ ಅಥವಾ ಐದನೇ ಸಲ ಸಿಕ್ಕಾಗ. ಅವಳು ಹುಬ್ಬಳ್ಳಿಯವಳು, ಬೇರೆ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ನಾನು ಹಳ್ಳಿಯಲ್ಲಿ ಬೆಳೆದವನು, ಎಮ್ಮೆ ಹಿಂದೆ ಬೆಟ್ಟ ಹತ್ತಿಳಿದ ಕಾಲು. ಆ ಜಂಬದಲ್ಲಿ ಸರಸರ ಮುಂದೆ ಹೋದೆ. ಇಪ್ಪತ್ತು ಹೆಜ್ಜೆ ಹೋಗೋದು, ನಿಂತು ತಿರುಗಿ ನೋಡೋದು, ಅವಳು ಬರ್ತಿದ್ದ ಹಾಗೆ ಮತ್ತೆ ಹೊರಡೋದು. ಅಂದರೆ ವಿಶ್ರಾಂತಿ ನನಗೆ ಮಾತ್ರ. ಅರ್ಧ ದಾರಿಯಲ್ಲಿ ಅವಳು ಕೂತುಬಿಟ್ಟಳು. ಮುಖ ಕೆಂಪಾಗಿತ್ತು. ನೀರಿನ ಬಾಟಲಿ ಕೊಟ್ಟರೆ ಒಂದು ಗುಟುಕು ಕುಡಿದು ಮುಚ್ಚಿಟ್ಟಳು. "ಇಷ್ಟಕ್ಕೇ ಸುಸ್ತಾ?" ಅಂದೆ. ಮನಸ್ಸಿನಲ್ಲಿ ಆಗಲೇ ಒಂದು ಅಂಕ ಕಳೆದಿದ್ದೆ.

"ಸುಸ್ತ ಅಲ್ಲ. ಮುಂಜಾನಿಂದ ನೀರ ಕುಡದಿಲ್ಲ ನಾ."

"ಯಾಕೆ? ಬಾಟಲಿ ಇದೆಯಲ್ಲ."

"ಕುಡದ ಮ್ಯಾಲೆ ಎಲ್ಲಿ ಹೋಗ್ಲಿ? ನೀ ಆದ್ರ ಯಾವ ಕಲ್ಲಿನ ಹಿಂದರ ಹೋಗ್ತಿ."

ಹದಿನೈದು ವರ್ಷದಿಂದ ಬೆಟ್ಟ ಹತ್ತುತ್ತಿದ್ದ ನನಗೆ ಇದು ಒಂದು ಸಲವೂ ಹೊಳೆದಿರಲಿಲ್ಲ. ನಾನು ಓದಿದ ಇಪ್ಪತ್ತು ಪಟ್ಟಿಗಳಲ್ಲೂ "ಎರಡು ಲೀಟರ್ ನೀರು ಒಯ್ಯಿರಿ" ಅಂತಿದೆ. ಆ ಎರಡು ಲೀಟರ್ ಕುಡಿದವರು ಆಮೇಲೆ ಏನು ಮಾಡಬೇಕು ಅಂತ ಒಂದರಲ್ಲೂ ಇಲ್ಲ. ನೀರು ಕುಡಿಯದೆ ಬಿಸಿಲಿನ ಬಂಡೆ ಹತ್ತಿದವಳನ್ನ ನಾನು ಸೋಮಾರಿ ಅಂದುಕೊಂಡೆ. ಅವತ್ತು ತುದಿ ಮುಟ್ಟಲಿಲ್ಲ. ಇಳಿದು ಬಂದು ಮಾಗಡಿ ಪೇಟೆಯ ಒಂದು ಹೋಟೆಲಿನಲ್ಲಿ ಅವಳು ಮೊದಲು ಕೇಳಿದ್ದು ಮೆನು ಅಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಬೆಟ್ಟದ ಡೇಟು ಬೇಡ ಅಂತ ನಾನು ಹೇಳಲ್ಲ. ಬೇರೆ ದಾರಿಗಳನ್ನೂ ನೋಡಿದ್ದೀನಿ. ನಮ್ಮ ಮನೆಯವರ ಜೊತೆ ಹೆಣ್ಣು ನೋಡೋಕೆ ಹೋಗಿ ಉಪ್ಪಿಟ್ಟು, ಕೇಸರಿಬಾತು ತಿಂದು, "ಹುಡುಗ ಹುಡುಗಿ ಬೇಕಾದ್ರೆ ಐದು ನಿಮಿಷ ಮಾತಾಡ್ಲಿ" ಅಂತ ಟೆರೇಸಿಗೆ ಕಳಿಸಿದಾಗ, ಅಲ್ಲಿ ಒಣಗೋಕೆ ಹಾಕಿದ್ದ ಹಪ್ಪಳ ನೋಡ್ತಾ ನಿಂತದ್ದಿದೆ. ಇಂದಿರಾನಗರದ ಕೆಫೆಯಲ್ಲಿ ಮುನ್ನೂರು ರೂಪಾಯಿ ಕಾಫಿ ಮುಂದಿಟ್ಟುಕೊಂಡು ಇಂಟರ್‌ವ್ಯೂ ಥರ ಪ್ರಶ್ನೆ ಉತ್ತರ ಮಾಡಿದ್ದೂ ಇದೆ. ಎರಡರಲ್ಲೂ ಎದುರು ಬದುರು ಕೂರಬೇಕು. ಮಾತು ನಿಂತರೆ ಇಬ್ಬರಿಗೂ ಮುಜುಗರ.

ಬೆಟ್ಟದಲ್ಲಿ ಇಬ್ಬರೂ ಒಂದೇ ಕಡೆ ಮುಖ ಮಾಡಿ ನಡೀತೀರಿ. ಮಾತು ನಿಂತರೆ ಏದುಸಿರಿನ ನೆಪ ಇದೆ. ಎದುರಿಗೆ ಕಣ್ಣಿಲ್ಲದಾಗ ಮನುಷ್ಯ ಕಷ್ಟದ ವಿಷಯ ಹೇಳ್ತಾನೆ. ಅವಳ ಅಪ್ಪ ಕಂತಿನ ಸಾಲ ತೀರಿಸೋಕೆ ಮನೆ ಮಾರಿದ್ದನ್ನ ಅವಳು ಹೇಳಿದ್ದು, ನಾನು ಬಿಇ ಮೂರನೇ ಸೆಮಿಸ್ಟರಿನಲ್ಲಿ ನಾಲ್ಕು ವಿಷಯ ಬ್ಯಾಕ್ ಇಟ್ಟುಕೊಂಡು ಊರಿಗೆ ಸುಳ್ಳು ಹೇಳಿದ್ದನ್ನ ಒಪ್ಪಿಕೊಂಡಿದ್ದು, ಎರಡೂ ನಡೀತಾ ಇದ್ದಾಗಲೇ. ಸೌತೆಕಾಯಿ ಮಾರೋ ಅಜ್ಜಿಯ ಹತ್ತಿರ ಚೌಕಾಸಿ ಮಾಡ್ತಾರಾ, ದಾರಿ ತಪ್ಪಿದಾಗ ಯಾರ ಮೇಲೆ ರೇಗ್ತಾರೆ, ಇದೆಲ್ಲ ಕೆಫೆಯಲ್ಲಿ ಕಾಣಲ್ಲ. ಖರ್ಚೂ ಅಷ್ಟೇ, ಪೆಟ್ರೋಲು, ದಾರಿಯಲ್ಲಿ ಎರಡು ಪ್ಲೇಟ್ ತಟ್ಟೆ ಇಡ್ಲಿ. ಪಿಜಿಯಲ್ಲಿ ಇರೋರಿಗೆ, ಮನೆಗೆ ಯಾರನ್ನೂ ಕರೆಯೋಕಾಗದವರಿಗೆ ಇದು ಸಣ್ಣ ಮಾತಲ್ಲ.

ಆದರೆ ಇದೇ ಗುಣ ತಿರುಗಿಸಿದರೆ ದೋಷ. ಬೆಟ್ಟ ಒಂದು ಪರೀಕ್ಷೆ ಆಗಿಬಿಡುತ್ತೆ, ಪ್ರಶ್ನೆಪತ್ರಿಕೆ ಮಾಡಿದವನೇ ಅದರಲ್ಲಿ ಫಸ್ಟ್ ಬರ್ತಾನೆ. ಸಾವನದುರ್ಗದಲ್ಲಿ ನಾನು ಮಾಡಿದ್ದು ಅದೇ. ನನಗೆ ರೂಢಿ ಇರೋ ಜಾಗಕ್ಕೆ ಕರ್ಕೊಂಡು ಹೋಗಿ, ಅವಳಿಗೆ ರೂಢಿ ಇಲ್ಲದ್ದನ್ನ ಅವಳ ಸ್ವಭಾವ ಅಂತ ಓದಿಕೊಂಡೆ. ಆಫೀಸಿನ ಅಪ್ರೈಸಲ್‌ನಲ್ಲಿ ಇದನ್ನ ನಮಗೆ ಮಾಡಿದರೆ ಎಷ್ಟು ಉರಿದುಕೊಳ್ತೀವಿ?

ಇನ್ನೊಂದನ್ನ ನೇರವಾಗಿ ಹೇಳ್ತೀನಿ. ಮೊದಲ ಭೇಟಿ, ಎರಡನೇ ಭೇಟಿ ನಿರ್ಜನ ಬೆಟ್ಟದಲ್ಲಿ ಬೇಡ. ಆ್ಯಪಿನಲ್ಲಿ ಸಿಕ್ಕವರಾದರಂತೂ ಬೇಡವೇ ಬೇಡ. ನೀವು ಎಷ್ಟೇ ಒಳ್ಳೆಯವರಾಗಿರಿ, ಅದು ಎದುರಿನವರಿಗೆ ಇನ್ನೂ ಗೊತ್ತಿಲ್ಲ. ನಮ್ಮ ಮೂರನೇ ಬೆಟ್ಟದಲ್ಲಿ ಅವಳ ಫೋನ್ ನನ್ನ ಕೈಯಲ್ಲಿದ್ದಾಗ ನೋಡಿದೆ, ಲೈವ್ ಲೊಕೇಶನ್ ಇಬ್ಬರು ಗೆಳತಿಯರಿಗೆ ಹೋಗ್ತಾ ಇತ್ತು. ನನಗೆ ಬೇಜಾರಾಯ್ತು. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಕೇಳಿಯೂ ಬಿಟ್ಟೆ.

"ನಿನ್ನ ಮ್ಯಾಲೆ ನಂಬಿಕಿ ಐತಿ, ಅದಕ್ಕ ಬಂದೇನಿ. ಇಲ್ಲಿ ಇನ್ಯಾರ ಯಾರ ಅದಾರೋ ನಮಗ ಗೊತ್ತಿಲ್ಲಲ್ಲ."

ಇನ್ಯಾರು ಇದ್ದಾರೆ ಅಂತ ನನಗೆ ಗೊತ್ತಿತ್ತು. ಅದನ್ನೇ ಈಗ ಹೇಳಬೇಕು.

ಅವತ್ತು ಇಳಿದು ಬಂದಾಗ ಬೈಕಿನ ಹತ್ತಿರ ಮೂರು ಜನ ಹುಡುಗರು ಕೂತಿದ್ದರು. ಯಾವ ಬೆಟ್ಟ ಅಂತ ಬರೆಯಲ್ಲ, ಯಾವುದೂ ಆಗಬಹುದಿತ್ತು. ಒಬ್ಬ ನಮ್ಮ ಬೈಕಿನ ಮೇಲೇ ಕೂತಿದ್ದ. "ಪಾರ್ಕಿಂಗ್ ದುಡ್ಡು ಕೊಡಿ" ಅಂತ ಶುರುವಾಯ್ತು. ಆಮೇಲೆ ಯಾವೂರು, ಏನು ಹೆಸರು, ಇವರು ನಿಮಗೇನಾಗಬೇಕು. ಪ್ರಶ್ನೆಗಳು ಯಾವ ಕ್ರಮದಲ್ಲಿ ಬರ್ತವೆ ಅಂತ ಅವರು ಕೇಳೋ ಮೊದಲೇ ನನಗೆ ಗೊತ್ತಿತ್ತು. ನಾನು ನಮ್ಮೂರ ಮಾತಲ್ಲಿ, "ಯಾಕ್ಲಾ, ಯಾವ ಬೀದಿ ಹೈಕ್ಳು ನೀವು? ಮೆಂಬ್ರು ಮನೆ ಎಲ್ಲೈತೆ, ನಡೀರಿ ಹೋಗನ" ಅಂದೆ. ಬೈಕಿನ ಮೇಲಿದ್ದವನು ಇಳಿದ. "ನಮ್ ಕಡೇರೇ ಕಣ್ಲಾ, ಬಿಡ್ಲಾ" ಅಂದ ಇನ್ನೊಬ್ಬ. ಎರಡು ನಿಮಿಷದಲ್ಲಿ ಮುಗೀತು.

ಮುಗಿದದ್ದು ನಾನು ಅವರಂಥವನೇ ಆದ್ದರಿಂದ. ಕನ್ನಡ ಬರದ ಜೋಡಿ ಆಗಿದ್ದರೆ? ಹೆಸರು ಕೇಳಿದಾಗ ಇಬ್ಬರ ಹೆಸರೂ ಬೇರೆ ಬೇರೆ ಧರ್ಮದ್ದಾಗಿದ್ದರೆ? ಆ ಪ್ರಶ್ನೆ ಕೇಳೋದೇ ಅದಕ್ಕೆ.

ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ಅವಳು ಕೇಳಿದಳು, "ಆ ಮಾತ ಅಷ್ಟ ಸರಳ ಹೆಂಗ ಬಂತು ನಿನಗ?" ಅಲ್ಲಿಯವರೆಗೆ ಯಾರಿಗೂ ಹೇಳದೆ ಇದ್ದದ್ದನ್ನ ಹೇಳಿದೆ.

ನಮ್ಮೂರ ಪಕ್ಕದಲ್ಲೂ ಒಂದು ಬೆಟ್ಟ ಇದೆ. ಮೇಲೆ ಹಾಳು ಕೋಟೆ, ಒಂದು ಸಣ್ಣ ಗುಡಿ. ನಾನು ಪಿಯುಸಿ ಓದ್ತಾ ಇದ್ದಾಗ ಭಾನುವಾರ ಬೆಂಗಳೂರಿನ ಬೈಕುಗಳು ಬರೋಕೆ ಶುರುವಾದವು. ನಂಬರ್ ಪ್ಲೇಟ್ ನೋಡಿದರೇ ಗೊತ್ತಾಗ್ತಿತ್ತು. ನಾವು ನಾಲ್ಕು ಜನ ಅರಳಿಕಟ್ಟೆ ಮೇಲೆ ಕೂತು ಕಾಯ್ತಿದ್ದೆವು. ಮೊದಮೊದಲು ಟೈರಿನ ಗಾಳಿ ಬಿಡೋದು, ಮೇಲೆ ಹೋಗಿ ಬಂಡೆ ಹಿಂದಿನಿಂದ ಕೂಗು ಹಾಕೋದು. ಒಂದು ದಿನ ಒಂದು ಜೋಡಿಯನ್ನ ಅಡ್ಡ ಹಾಕಿ ನಿಲ್ಲಿಸಿದೆವು. "ಇವ್ಳು ಯಾರು ನಿಂಗೆ? ಅವ್ರಪ್ಪನ ನಂಬರ್ ಕೊಡು, ಫೋನ್ ಮಾಡ್ತೀವಿ." ಹುಡುಗ ಕೈ ಮುಗಿದ. ಹುಡುಗಿ ಅಳಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನಂತೆ ಕಾಣ್ತಿದ್ದ ನನ್ನ ಕಡೆ ತಿರುಗಿ, "ನೀನು ಎಷ್ಟನೇ ಕ್ಲಾಸು?" ಅಂತ ಕೇಳಿದಳು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ನಮ್ಮವನೊಬ್ಬ ಹುಡುಗನ ಕೈಯಿಂದ ಐವತ್ತು ರೂಪಾಯಿ ಇಸ್ಕೊಂಡು ಬಿಟ್ಟುಕಳಿಸಿದ. ಆ ದುಡ್ಡಿನಲ್ಲಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಬೋಂಡ ತಿಂದೆವು. ನಾನೂ ತಿಂದೆ.

ಆಗ ಅದಕ್ಕೆ ನಾವು ಇಟ್ಟುಕೊಂಡಿದ್ದ ಹೆಸರು ಊರ ಮರ್ಯಾದೆ. ಈಗ ಯೋಚಿಸಿದರೆ ಅದರಲ್ಲಿ ಇದ್ದದ್ದು ಬೇಸರ, ಹೊಟ್ಟೆಕಿಚ್ಚು, ಮತ್ತೆ ಕೈಗೆ ಸಿಕ್ಕ ಸಣ್ಣ ಅಧಿಕಾರ. ಹುಡುಗಿಯೊಬ್ಬಳು ಗಂಡು ಹುಡುಗನ ಜೊತೆ ನಗ್ತಾ ಬೈಕಿನಿಂದ ಇಳಿಯೋದನ್ನ ನಾವು ಅದುವರೆಗೆ ಸಿನಿಮಾದಲ್ಲಿ ಮಾತ್ರ ನೋಡಿದ್ದು.

ಊರಿನವರ ದೂರಿನಲ್ಲಿ ಸತ್ಯ ಇಲ್ಲ ಅಂತಲ್ಲ. ಬೆಟ್ಟ ಅವರಿಗೆ ವೀಕೆಂಡ್ ಸ್ಪಾಟ್ ಅಲ್ಲ. ದನ ಮೇಯೋ ಜಾಗ, ವರ್ಷಕ್ಕೊಂದು ಜಾತ್ರೆ ನಡೆಯೋ ಜಾಗ. ಒಡೆದ ಬಿಯರ್ ಬಾಟಲಿಯ ಚೂರು ಹತ್ತೋದು ಬರಿಗಾಲಲ್ಲಿ ದನ ಕಾಯೋರ ಕಾಲಿಗೆ. ಕೋಟೆ ಗೋಡೆ ಮೇಲೆ ಬಣ್ಣದಲ್ಲಿ ಹೃದಯ ಬರೆದು, ಬಾಣ ಚುಚ್ಚಿ, ಎರಡು ಅಕ್ಷರ ಕೆತ್ತಿ ಹೋಗೋರು ನಾವೇ. ಆದರೆ ಎರಡು ದೂರನ್ನ ಬೇರೆ ಬೇರೆ ಮಾಡಬೇಕು. ಬಾಟಲಿ ಒಡೆದದ್ದು ತಪ್ಪು, ಅದಕ್ಕೆ ದಂಡ ಹಾಕಲಿ. ಇಬ್ಬರು ಜೊತೆಗೆ ಕೂತದ್ದು ತಪ್ಪಲ್ಲ. ಊರಲ್ಲಿ ಈ ಎರಡನ್ನೂ ಒಂದೇ ಬಾಯಲ್ಲಿ ಹೇಳ್ತಾರೆ, ಪೇಟೆಯವರು ಎರಡಕ್ಕೂ ಒಂದೇ ಉತ್ತರ ಕೊಡ್ತಾರೆ.

ಕಾನೂನು ಇಲ್ಲಿ ಊರಿಗಿಂತ ಸ್ಪಷ್ಟವಾಗಿದೆ. ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ವರ್ತನೆಗೆ ಒಂದು ಕಲಂ ಇದೆ. ಹಿಂದೆ ಐಪಿಸಿ 294, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 296. ವಯಸ್ಸಿಗೆ ಬಂದ ಇಬ್ಬರು ಬಂಡೆ ಮೇಲೆ ಕೂತು ಮಾತಾಡೋದು ಅದರೊಳಗೆ ಬರಲ್ಲ. ದಾರಿಗೆ ಅಡ್ಡ ನಿಂತು ತಡೆಯೋದು, ಹೆದರಿಸಿ ದುಡ್ಡು ಕೀಳೋದು ಮಾತ್ರ ಖಂಡಿತ ಅಪರಾಧ. ಅಂದರೆ ಅವತ್ತು ಅರಳಿಕಟ್ಟೆ ಹತ್ತಿರ ಕಾನೂನು ಮುರಿದವರು ಆ ಜೋಡಿಯಲ್ಲ, ನಾವು. ನಿಮಗೆ ಹೀಗಾದರೆ 112ಕ್ಕೆ ಫೋನ್ ಮಾಡಿ. ಸಿಗ್ನಲ್ ಇರೋ ಜಾಗ ಮೊದಲೇ ನೋಡಿಟ್ಟುಕೊಳ್ಳಿ ಅಂತ ಹೇಳೋದೂ ಅದಕ್ಕೇ.

ಮತ್ತೆ, ಹಳ್ಳಿಗಳಿಗೆ ಬೆಟ್ಟ ಹತ್ತೋ ಜೋಡಿ ಹೊಸದೂ ಅಲ್ಲ. ನಮ್ಮ ಕಡೆ ಮದುವೆಯಾದ ಹೊಸದರಲ್ಲಿ ಗಂಡು ಹೆಣ್ಣನ್ನ ಬೆಟ್ಟದ ದೇವರಿಗೆ ಕರ್ಕೊಂಡು ಹೋಗ್ತಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತೋರನ್ನ ನೀವೂ ನೋಡಿರ್ತೀರಿ. ನಮ್ಮಕ್ಕನ ಮದುವೆಯಾದ ವಾರಕ್ಕೆ ಇಪ್ಪತ್ತು ಜನ ಟ್ರ್ಯಾಕ್ಟರಿನಲ್ಲಿ ಹೋಗಿದ್ದೆವು, ಭಾವ ಅಕ್ಕನ ಕೈ ಹಿಡಿದು ಬಂಡೆ ಹತ್ತಿಸಿದರೆ ಹೆಂಗಸರೆಲ್ಲ ನಕ್ಕು ರೇಗಿಸಿದರು. ಅದೇ ಬಂಡೆ, ಅದೇ ಕೈ. ತಕರಾರು ಇರೋದು ಬೆಟ್ಟದ ಮೇಲಿನ ಜೋಡಿಗಲ್ಲ. ತಾವೇ ಆರಿಸಿಕೊಂಡು, ತಾವಿಬ್ಬರೇ ಬಂದ ಜೋಡಿಗೆ.

ಟೀ ಅಂಗಡಿಯಲ್ಲಿ ಇಷ್ಟೂ ಹೇಳಿದ ಮೇಲೆ ಅವಳು ಮಾತಾಡಲಿಲ್ಲ. ಟೋಲ್ ದಾಟೋವರೆಗೂ ಹಿಂದೆ ಸುಮ್ಮನೆ ಕೂತಿದ್ದಳು. ಬಿಟ್ಟು ಹೋಗ್ತಾಳೆ ಅಂತಲೇ ಅಂದುಕೊಂಡೆ. ಪಿಜಿ ಹತ್ತಿರ ಇಳಿದು ಹೆಲ್ಮೆಟ್ ಕೊಡ್ತಾ ಕೇಳಿದಳು, "ಬೆಂಗಳೂರ ಸುತ್ತ ಇಷ್ಟ ಗುಡ್ಡ ತೋರಿಸ್ದಿ. ನಿಮ್ಮೂರ ಗುಡ್ಡಕ್ಕ ಯಾಕ ಕರ್ಕೊಂಡ ಹೋಗಿಲ್ಲ ನನ್ನ?"

ಉತ್ತರ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಪಟ್ಟಿಗಳ ಮೇಲೆ ಓದ್ತಾ ಓದ್ತಾ ಬಂದ ಸಿಟ್ಟಿನಲ್ಲಿ ನನ್ನ ಪಾಲು ಇದು. ನಮ್ಮ ಈ ಬೆಟ್ಟದ ಡೇಟು ನಿಂತಿರೋದೇ ನಮ್ಮನ್ನ ಯಾರೂ ಗುರುತು ಹಿಡಿಯಲ್ಲ ಅನ್ನೋ ಧೈರ್ಯದ ಮೇಲೆ. ನಾನು ರಾಮನಗರದ ಬೆಟ್ಟಕ್ಕೆ ಹೋಗ್ತೀನಿ, ರಾಮನಗರದ ಹುಡುಗ ಕೋಲಾರಕ್ಕೆ ಹೋಗ್ತಾನೆ, ಕೋಲಾರದವನು ಮಧುಗಿರಿಗೆ ಹೋಗ್ತಾನೆ. ಎಲ್ಲರೂ ಬೇರೆಯವರ ಊರಿನ ಬೆಟ್ಟದಲ್ಲಿ ಧೈರ್ಯವಂತರು. ನಮ್ಮ ನಮ್ಮ ಊರಿನ ಕಟ್ಟೆ ಮೇಲೆ ಕೂತ ಹುಡುಗರಿಗೆ ಬುದ್ಧಿ ಹೇಳಬೇಕಾದವರು ನಾವೇ ಆಗಿದ್ದೆವು. ನಾವು ಊರು ದಾಟಿ ಹೆಲ್ಮೆಟ್ ಹಾಕಿಕೊಂಡೆವು.

ಶನಿವಾರ ಬೆಳಿಗ್ಗೆ ಆ ಹುಡುಗನಿಗೆ ಶಿವಗಂಗೆ ಅಂತ ಮೆಸೇಜ್ ಮಾಡಿದೆ. ದಾಬಸ್‌ಪೇಟೆ ಹತ್ತಿರ, ತುಮಕೂರು ರಸ್ತೆ. ಮೆಟ್ಟಿಲಿದೆ, ಕಡಿದಾದ ಕಡೆ ಹಿಡಿದುಕೊಳ್ಳೋಕೆ ಕಬ್ಬಿಣದ ಕಂಬಿ ಇದೆ, ದಾರಿಯಲ್ಲಿ ಒಳಕಲ್ಲು ತೀರ್ಥ ಇದೆ, ತುದಿಯಲ್ಲಿ ಬಂಡೆಯಲ್ಲೇ ಕಡೆದ ಬಸವ ಇದ್ದಾನೆ. ಹೊಯ್ಸಳರ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಈ ಬೆಟ್ಟದಲ್ಲಿ. ಜೊತೆಗೆ ಇಷ್ಟು ಬರೆದೆ: ಮೊದಲು ಅವಳನ್ನ ಕೇಳು, ಬೆಟ್ಟ ಇಷ್ಟಾನಾ ಅಂತ. ಬೇರೆ ಜಾಗ ಅಂದರೆ ಅಲ್ಲಿಗೇ ಹೋಗು. ಬೆಳಿಗ್ಗೆ ಏಳಕ್ಕೆ ಹತ್ತೋಕೆ ಶುರು ಮಾಡಿ, ಬಿಸಿಲು ಏರೋ ಮೊದಲು ಇಳೀರಿ. ಹೆದ್ದಾರಿಯ ಒಳ್ಳೆ ಹೋಟೆಲಿನಲ್ಲಿ ಹೋಗುವಾಗಲೂ ನಿಲ್ಲಿಸು, ಬರುವಾಗಲೂ ನಿಲ್ಲಿಸು, ಅವಳು ಕೇಳೋವರೆಗೆ ಕಾಯಬೇಡ. ಅವಳು ಗೆಳತಿಗೆ ಲೊಕೇಶನ್ ಕಳಿಸಿದರೆ ಮುಖ ಊದಿಸಿಕೊಳ್ಳಬೇಡ. ಮುಂದೆ ನಡೀಬೇಡ.

"ಥ್ಯಾಂಕ್ಸ್ ಸರ್. ಆದ್ರೆ ಅಲ್ಲಿ ಭಾನುವಾರ ತುಂಬಾ ಜನ ಇರ್ತಾರಲ್ವಾ?" ಅಂತ ಉತ್ತರ ಬಂತು.

"ಅದಕ್ಕೇ ಹೇಳಿದ್ದು" ಅಂತ ಬರೆದೆ.

ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಮುಂದಿನ ಭಾನುವಾರ ಊರಿಗೆ ಬರ್ತೀನಿ, ಬೆಟ್ಟಕ್ಕೆ ಹೋಗೋದಿದೆ, ಜೊತೆಗೆ ಒಬ್ಬಳು ಬರ್ತಾಳೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಿತ್ತಲಲ್ಲಿ ಕೋಳಿ ಕೂಗೋದು ಕೇಳ್ತಿತ್ತು.

"ಎಲ್ಲಿಯೋಳು?"

"ಹುಬ್ಬಳ್ಳಿ ಕಡೆಯೋಳು."

"ಕಟ್ಟೆ ಮೇಲೆ ಹುಡುಗ್ರು ಕೂತಿರ್ತವೆ" ಅಂದಳು ಅಮ್ಮ.

"ಗೊತ್ತು. ಅಲ್ಲೇ ಗಾಡಿ ನಿಲ್ಸಿ ಮಾತಾಡ್ಸಿ ಬರ್ತೀನಿ."

ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಆ ಕಡೆಯೋರು ರೊಟ್ಟಿ ತಿನ್ನೋರಲ್ವೇನ್ಲಾ. ಮುದ್ದೆ ಉಣ್ತಾಳಾ ಅವ್ಳು?"